ಹೆಬ್ಬಾವಿನಲ್ಲಿ ದಾರ ಬದಲಾಗುವುದಿಲ್ಲ

ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದೆ. ಮೊಮ್ಮಗಳು ಪೂನಂ ಕಟ್ಟೆಯ ಮೇಲೆ ಕಾಲು ಮಡಚಿಕೊಂಡು ಗೈಡು ಓದುತ್ತಿದ್ದಳು. ಬಾಯಿಪಾಠ ಮಾಡುವಾಗ ಗಟ್ಟಿಯಾಗಿ ಓದುವುದು ಅವಳ ರೂಢಿ. ಕಂಪ್ಯೂಟರಿನ ವಿದ್ಯೆ ನನಗೆ ತಿಳಿಯುವಂಥದ್ದಲ್ಲ ಎಂದು ನಾನು ಯಾವತ್ತೂ ಕಿವಿಗೊಟ್ಟವಳಲ್ಲ. ಅವತ್ತು ಮಾತ್ರ ಒಂದು ಸಾಲು ಕಿವಿಗೆ ಬಿದ್ದು ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

"ಹೆಬ್ಬಾವಿನಲ್ಲಿ ದಾರವು ಬದಲಾಗುವುದಿಲ್ಲ. ದಾರವನ್ನು ಕತ್ತರಿಸಲು ಚೌಕ ಆವರಣ ಬಳಸಿರಿ. ಕುಣಿಕೆಯಿಂದ ಹೊರಬರಲು ಮುರಿಯಿರಿ."

"ಏನು ಓದಾಕತ್ತೀಯವ್ವಾ?" ಎಂದೆ.

"ಪೈಥಾನ್, ಆಯಿ."

"ಹೆಬ್ಬಾವು ಅಂದಂಗಾತಲ್ಲ."

"ಕಂಪ್ಯೂಟರಿಗೆ ಕೆಲಸ ಹೇಳೋ ಭಾಷಾ ಅದು. ಅದರ ಹೆಸರು ಪೈಥಾನ್. ಇಂಗ್ಲಿಷಿನ್ಯಾಗ ಪೈಥಾನ್ ಅಂದ್ರ ಹೆಬ್ಬಾವು. ಹಿಂಗಾಗಿ ಗೈಡಿನ್ಯಾಗ ಹೆಬ್ಬಾವು ಅಂತ ಹಾಕ್ಯಾರ."

"ಹಂಗಾದ್ರ ನಿನ್ನ ಪೂನಂ ಅನ್ನೋ ಹೆಸರು ಹುಣ್ಣಿವಿ ಅಂತ ಬರೀತಾರೇನು?"

ಅವಳು ನಕ್ಕಳು. ನಾನು ನಗಲಿಲ್ಲ. "ದಾರ ಅಂದ್ರ ಏನು?" ಎಂದು ಕೇಳಿದೆ. ಪುಟ ಹಿಂದೆ ಮುಂದೆ ತಿರುವಿದಳು. "ಸ್ಟ್ರಿಂಗ್ ಇರಬೇಕು. ಅಂದ್ರ ಅಕ್ಷರದ ಸಾಲು. ಹೆಸರು, ಊರು, ಹಂಥಾವು." ಕುಣಿಕೆ ಎಂದರೇನು ಎಂದೆ. ಮತ್ತೆ ಪುಟ ತಿರುವಿ ನೋಡಿ, "ನನಗ ತಿಳಿಯಂಗಿಲ್ಲ ಆಯಿ. ನನ್ನ ತಲಿಯೇ ಮೊಂಡು. ಉಳಿದವರಿಗೆ ತಿಳಿದಿರಬೇಕು" ಎಂದಳು.

ಆ ಮಾತಿಗೆ ನನಗೆ ಸಿಟ್ಟು ಬಂತು. ನಮ್ಮದು ದನ ಕಾಯುವ ಮನೆತನ. ಕುಣಿಕೆ ಕರುವಿನ ಕೊರಳಿಗೆ ಹಾಕುವುದು. ನನಗೆ ಗೊತ್ತಿರುವ ಕನ್ನಡದ ಶಬ್ದವನ್ನೇ ಬರೆದು ನನಗೂ ತಿಳಿಯದಂತೆ, ಓದುವ ಹುಡುಗಿಗೂ ತಿಳಿಯದಂತೆ ಮಾಡಿದವರು ಯಾರು? ಗೈಡು ಇಸಿದುಕೊಂಡು ನೋಡಿದೆ. ರಟ್ಟಿನ ಮೇಲೆ 'ತ್ವರಿತ ಪೈಥಾನ್ ಕೈಪಿಡಿ', ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ನಾಗನಾಥ ಸರ್ ಅವರ ಹೆಸರು.

ನಾಗನಾಥ ಸರ್ ಹುಮನಾಬಾದಿನಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾರೆ. ಮೊದಲು ಟೈಪಿಂಗ್ ಕಲಿಸುತ್ತಿದ್ದರಂತೆ, ಆಮೇಲೆ ಅಂಗಡಿ ಲೆಕ್ಕದ ಪ್ರೋಗ್ರಾಮು, ಈಗ ಬೋರ್ಡಿನ ಮೇಲೆ ಪೈಥಾನ್ ಎಂದೂ ಬರೆಸಿದ್ದಾರೆ. ಪೂನಂ ಮುಡಬಿಯಿಂದ ದಿನಾ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾಳೆ. ಕೊನೆಗೆ ಸರ್ ಅವರೇ ನಡೆಸುವ ಪರೀಕ್ಷೆಯಲ್ಲಿ ಮಷೀನಿನ ಮುಂದೆ ಕೂತು ಪ್ರೋಗ್ರಾಮು ಬರೆದು ಓಡಿಸಿ ತೋರಿಸಬೇಕು. ಮುದ್ರಿತ ಪುಸ್ತಕ ಒಂದನ್ನು ಜೊತೆಗೆ ಇಟ್ಟುಕೊಳ್ಳಬಹುದು. ಕೈಬರಹ, ಫೋನು ನಡೆಯುವುದಿಲ್ಲ. ಹೋದ ಸಲ ಪೂನಂ ಫೇಲಾದಳು. ಈ ಸಲ ಕಡೆಯ ಅವಕಾಶ. ಅವಳಪ್ಪ ದಿಲೀಪ, ನನ್ನ ಮಗ, ಕೆಟ್ಟವನಲ್ಲ. ಆದರೆ ಅವನೂ ಒಂದು ಮಾತು ಹೇಳಿಬಿಟ್ಟಿದ್ದ: "ಈ ಸಲ ಆಗಲಿಲ್ಲ ಅಂದ್ರ ಬಸ್ ಪಾಸ್ ಸಾಕವ್ವಾ. ಎಮ್ಮಿ ನಿನ್ನ ಹಾದಿ ನೋಡಾಕತ್ಯಾವ."

ನಾನು ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿ ಮಾಸ್ತರರದು ಒಂದು ಪದ್ಧತಿ ಇತ್ತು. ಹಲಗೆಯ ಮೇಲೆ ಯಾರು ಬರೆದರೋ ಅವರೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೂತವರಿಗೆ ತಿಳಿಯದಿದ್ದರೆ ಅಳಿಸಿ ಮತ್ತೆ ಬರೆಯಬೇಕು. ಮಾಸ್ತರರು ಬರೆದದ್ದಕ್ಕೂ ಅದೇ ಕಾನೂನು. ಈ ಗೈಡನ್ನು ಬರೆದವರು ಯಾರಿಗೂ ಓದಿ ಹೇಳಿಲ್ಲ ಎಂಬುದು ನನಗೆ ಆಗಲೇ ಖಾತ್ರಿಯಾಯಿತು.

"ಬೇರೆ ಗೈಡು ಸಿಗೂದಿಲ್ಲೇನು?" ಎಂದೆ.

"ಗೊತ್ತಿಲ್ಲ. ಸರ್ ಇದೇ ತಗೋರಿ ಅಂದ್ರು, ತಗೊಂಡೆ."

ಮರುದಿನ ಅವಳ ಜೊತೆ ನಾನೂ ಬಸ್ಸು ಹತ್ತಿದೆ.

ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ಗುಲಾಮ್ ರಸೂಲ್ ಅವರ ಪುಸ್ತಕದ ಅಂಗಡಿ ಇದೆ. ಗಡ್ಡ ನೆರೆತ ಮನುಷ್ಯ, ನಿಧಾನದ ಮಾತು.

"ಪೈಥಾನ್ ಗೈಡ್ ಬೇಕಾಗಿತ್ರಿ," ಎಂದಳು ಪೂನಂ.

"ಯಾವ ಗೈಡ್ ಬೇಕು ಬೇಟಿ? ತಿಳಿಯೋದೋ, ಪಾಸಾಗೋದೋ?"

"ಎರಡೂ ಬ್ಯಾರೆ ಬ್ಯಾರೆ ಏನ್ರಿ?" ಎಂದೆ ನಾನು.

"ನಮ್ಮ ಧಂದಾದಾಗ ಬ್ಯಾರೇನೇ ಅಮ್ಮಾ." ಅವರು ಒಂದು ತೆಳು ಪುಸ್ತಕ ತೆಗೆದರು. ಬರೀ ಪ್ರಶ್ನೆ ಮತ್ತು ಉತ್ತರ. "ಇದರಾಗ ಇದ್ದದ್ದೇ ಕೇಳಿದ್ರ ಪಾಸ್. ಒಂದು ಅಕ್ಷರ ಫರಕ್ ಆದ್ರ ಖಲಾಸ್." ಆಮೇಲೆ ಮೇಲಿನ ಅಟ್ಟದಿಂದ ಇಂಗ್ಲಿಷಿನ ಒಂದು ಪುಸ್ತಕ ಇಳಿಸಿದರು. ತಲೆದಿಂಬಿನಷ್ಟು ದಪ್ಪ. ಪೂನಂ ತೆರೆದು ನೋಡಿ, ಈ ಭಾಷೆ ಯಾಕೆ ಹುಟ್ಟಿತು, ಯಾವ ಭಾಷೆಗಿಂತ ಹೇಗೆ ಹೆಚ್ಚು ಎಂಬುದೇ ಮೊದಲ ಪಾಠ ಎಂದಳು.

ನಾನು ಹೊರಗಿನ ಬಸ್ ನಿಲ್ದಾಣದ ಕಡೆ ಕೈ ಮಾಡಿದೆ. "ಅಲ್ಲೊಂದು ಬೋರ್ಡ್ ಅದ ನೋಡ್ರಿ. ಬಸವಕಲ್ಯಾಣಕ್ಕ ಯಾವ ಬಸ್ಸು, ಎಲ್ಲಿ ನಿಲ್ಲತದ, ಅಷ್ಟೇ ಬರದಾರ. ಬಸ್ಸು ಕಂಡುಹಿಡಿದವ ಯಾರು ಅಂತ ಬರದಿಲ್ಲ. ನಮಗ ಹಂಥಾದು ಬೇಕ್ರಿ. ಲಗೂ ನೋಡಿದ್ರ ಲಗೂ ಸಿಗಬೇಕು."

ಗುಲಾಮ್ ರಸೂಲ್ ನಕ್ಕರು. "ಬರಾಬ್ಬರಿ ಹೇಳಿದ್ರಿ. ಅಂಥಾ ಕಿತಾಬ್ ಕನ್ನಡದಾಗ ಇನ್ನೂ ನನ್ನ ಅಂಗಡಿಗೆ ಬಂದಿಲ್ಲ. ಇದೊಂದು ಅದ." ಹಸಿರು ರಟ್ಟಿನ ಪುಸ್ತಕ ಮುಂದಿಟ್ಟರು. ಪೂನಂ ತೆರೆದು ಮೊದಲ ಸಾಲು ಓದಿದಳು. ಹೆಬ್ಬಾವಿನಲ್ಲಿ ದಾರವು ಬದಲಾಗುವುದಿಲ್ಲ. ಅದೇ ಗೈಡು, ರಟ್ಟು ಮಾತ್ರ ಹಸಿರು. "ಹಳೇ ಬಂಡಲ್ ಇರಬೇಕು," ಎಂದು ಅವರೇ ನಾಚಿಕೊಂಡು ಅದನ್ನು ಒಳಗಿಟ್ಟರು.

ಅಷ್ಟರಲ್ಲಿ ಪೂನಂ ಮತ್ತೆ ಆ ದಪ್ಪ ಪುಸ್ತಕಕ್ಕೆ ಕೈ ಹಾಕಿದ್ದಳು. ಒಂದು ಪುಟದಲ್ಲಿ ಅವಳ ಬೆರಳು ನಿಂತುಬಿಟ್ಟಿತು.

"ಆಯಿ, ಇಲ್ಲಿ ನೋಡು. ಸಾಲು ಒಳಗ ಸರದಾವ."

ನೋಡಿದೆ. ಮೇಲಿನ ಸಾಲು ಅಂಚಿಗಿತ್ತು. ಅದರ ಕೆಳಗಿನ ಎರಡು ಸಾಲು ಸ್ವಲ್ಪ ಜಾಗ ಬಿಟ್ಟು ಒಳಗೆ ಶುರುವಾಗಿದ್ದವು. ಅವಳು ನಾಗನಾಥ ಸರ್ ಅವರ ಗೈಡಿನಲ್ಲಿ ಅದೇ ಉದಾಹರಣೆ ತೆಗೆದು ಪಕ್ಕದಲ್ಲಿಟ್ಟಳು. ಅಲ್ಲಿ ಎಲ್ಲಾ ಸಾಲುಗಳೂ ಗೋಡೆಗೆ ಒರಗಿ ನಿಂತವರ ಹಾಗೆ ಎಡ ಅಂಚಿಗೆ ಅಂಟಿಕೊಂಡಿದ್ದವು.

"ಅದರಿಂದೇನಾಗತದ?" ಎಂದೆ.

"ಎಲ್ಲಾ ಅದರಿಂದೇ ಆಗತದ ಆಯಿ." ಅವಳ ದನಿ ಸಣ್ಣದಾಗಿತ್ತು. "ಮಳಿ ಬಂದ್ರ ಅಂತ ಮೇಲಿನ ಸಾಲು. ದನ ಒಳಗ ಕಟ್ಟು, ಕಟಗಿ ಒಳಗ ತಾ ಅಂತ ಕೆಳಗಿನ ಎರಡು. ಒಳಗ ಸರದಿದ್ರ ಈ ಕೆಲಸ ಆ ಮಾತಿಗೆ ಸೇರಿದ್ದು ಅಂತ ಮಷೀನ್ ತಿಳಕೊಳ್ಳತದ. ಸರದಿಲ್ಲ ಅಂದ್ರ ಅಲ್ಲೇ ನಿಂತು ತಪ್ಪು ಅಂತದ. ಕ್ಲಾಸಿನ್ಯಾಗ ಟೈಪ್ ಮಾಡುವಾಗ ಅದು ತಾನೇ ಸರೀತಿತ್ತು. ಪರೀಕ್ಷಾದಾಗ ನಾನು ಗೈಡ್ ನೋಡಿ ಬರದೆ. ಮಷೀನ್ ಒಳಗ ಸರಸಿತ್ತು, ಗೈಡಿನ್ಯಾಗ ಹಂಗಿಲ್ಲಲ್ಲ ಅಂತ ಒಂದೊಂದೇ ಸಾಲು ಹಿಂದ ಎಳದೆ. ಸರ್ ಬರದದ್ದೇ ಖರೆ ಇರಬೇಕು ಅಂತ."

ಗುಲಾಮ್ ರಸೂಲ್ ಕನ್ನಡಕ ತೆಗೆದು ಒರೆಸಿಕೊಂಡರು.

ನನಗೆ ಆಗ ಆದದ್ದನ್ನು ಸಿಟ್ಟು ಎಂದರೆ ಕಡಿಮೆಯಾಗುತ್ತದೆ. ಹುಡುಗಿ ಸರಿಯಾಗಿ ಬರೆದದ್ದನ್ನು ಗೈಡು ನೋಡಿ ತಪ್ಪು ಮಾಡಿದ್ದಳು. ಗೈಡು ಬರೆದವರೇ ಆ ತಪ್ಪಿಗೆ ಅವಳನ್ನು ಫೇಲು ಮಾಡಿದ್ದರು. ಇಷ್ಟು ದಿನ ಅವಳು ನನ್ನ ತಲೆ ಮೊಂಡು ಎಂದುಕೊಂಡು ಅದನ್ನೇ ಬಾಯಿಪಾಠ ಮಾಡುತ್ತಾ ಕೂತಿದ್ದಳು.

"ನಡಿ," ಎಂದೆ.

"ಎಲ್ಲಿಗೆ? ಆಯಿ, ಬ್ಯಾಡ. ನನಗ ಇನ್ನೂ ಪರೀಕ್ಷಾ ಕೊಡೋದದ."

"ನಾ ಜಗಳ ಮಾಡಂಗಿಲ್ಲ. ಓದಿಸತೀನಿ ಅಷ್ಟೇ."

ತರಗತಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಪೂನಂ ನನ್ನ ಸೆರಗು ಜಗ್ಗುತ್ತಲೇ ಇದ್ದಳು. ಒಳಗೆ ಹುಡುಗ ಹುಡುಗಿಯರು ಮಷೀನಿನ ಮುಂದೆ ಕೂತಿದ್ದರು. ನಾಗನಾಥ ಸರ್ ಎದ್ದು ನಿಂತು ಕುರ್ಚಿ ಕೊಟ್ಟರು. ಮರ್ಯಾದೆಯ ಮನುಷ್ಯ, ಅದಕ್ಕೆ ಕುಂದು ಹೇಳಲಾರೆ.

"ಬರ್ರಿ ಅಮ್ಮಾ. ಕೂಡ್ರಿ. ಫೀಸಿನ ಮಾತೇನ್ರಿ?"

"ಫೀಸಿಂದಲ್ರಿ. ನಿಮ್ಮ ಗೈಡಿನ್ಯಾಗ ಒಂದು ಪುಟ ತಿಳಿಲಿಲ್ಲ. ಜರಾ ಓದಿ ಹೇಳ್ರಿ."

"ಓದಾಕ ಬರಂಗಿಲ್ಲೇನು ನಿಮಗ?"

"ಓದಾಕ ಬರತದ್ರಿ. ತಿಳಿಯಂಗಿಲ್ಲ."

ಅವರು ನಕ್ಕು ಗೈಡು ತೆಗೆದುಕೊಂಡರು. ಬಸ್ಸಿನಲ್ಲಿ ಓದಿ ನಾನು ಗುರುತು ಇಟ್ಟಿದ್ದ ಪುಟವನ್ನು ಪಾಠ ಹೇಳುವ ದನಿಯಲ್ಲೇ ಓದತೊಡಗಿದರು. "ಪೋಷಕರು ಮಗುವಿಗಾಗಿ ಕಾಯಬೇಕು. ಮಗು ಉತ್ತರಿಸದಿದ್ದರೆ ಮಗುವನ್ನು ಕೊಲ್ಲಿರಿ. ಸತ್ತ ಮಗುವನ್ನು..." ದನಿ ಅಲ್ಲಿಗೆ ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬ ಹುಡುಗಿ ಬಾಯಿಗೆ ವೇಲು ಹಿಡಿದಳು.

"ಮುಂದ ಓದ್ರಿ," ಎಂದೆ. "ಸತ್ತ ಮಗುವಿಗೆ ಏನು ಮಾಡಬೇಕಂತ?"

ಅವರು ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿ ಪುಸ್ತಕ ಮುಚ್ಚಿದರು. "ಇದು ತಾಂತ್ರಿಕ ಭಾಷಾ ಅಮ್ಮಾ. ಮಗು ಅಂದ್ರ ಕೂಸಲ್ಲ. ಒಂದು ಪ್ರೋಗ್ರಾಮಿನಿಂದ ಶುರುವಾದ ಇನ್ನೊಂದು ಪ್ರೋಗ್ರಾಮ್."

"ಹಿಂಗ ಬಾಯಿಲೆ ಹೇಳಿದ್ರಲ್ಲ, ಇದು ತಿಳೀತು. ಇದನ್ನೇ ಯಾಕ ಬರೀಲಿಲ್ಲ?"

"ಮಷೀನ್ ಅನುವಾದರೀ ಅದು. ಇಂಗ್ಲಿಷ್ ಹಾಕಿದ್ರ ಕನ್ನಡ ಕೊಡತದ. ಎಲ್ಲಾರೂ ಹಂಗೇ ಮಾಡತಾರ."

"ಮಷೀನ್ ಬರದಿದ್ರ ರಟ್ಟಿನ ಮ್ಯಾಲೆ ನಿಮ್ಮ ಹೆಸರು ಯಾಕದ?"

ಅವರು ಗೈಡನ್ನು ಮೇಜಿನ ಮೇಲಿಟ್ಟರು. ನಾನು ಪೂನಂಳ ಕಡೆ ನೋಡಿದೆ. ಅವಳು ಮುಂದೆ ಬಂದು, "ಸರ್, ಗೈಡಿನ್ಯಾಗ ಸಾಲು ಒಳಗ ಸರದಿಲ್ರಿ" ಎಂದಳು.

"ಅದು ಪ್ರೆಸ್ಸಿನವರ ತಪ್ಪವ್ವಾ. ಕಾಗದ ಉಳಿಸಾಕ ಎಲ್ಲಾ ಎಡಕ್ಕ ಎಳದಾರ. ನನಗ ಆಮ್ಯಾಲೆ ಗೊತ್ತಾತು."

"ಆಮ್ಯಾಲೆ ಅಂದ್ರ ಈಕೀನ್ನ ಫೇಲ್ ಮಾಡೋಕ್ಕಿಂತ ಮೊದಲೋ ಆಮ್ಯಾಲೋ?" ಎಂದೆ.

"ಅಮ್ಮಾ, ಮಷೀನ್ ತಪ್ಪಂದ್ರ ತಪ್ಪು. ನಾ ಏನು ಮಾಡಲಿ?"

"ಹೌದ್ರಿ. ಬರದದ್ದು ಮಷೀನು, ಕೆಡಿಸಿದ್ದು ಪ್ರೆಸ್ಸು, ಫೇಲ್ ಮಾಡಿದ್ದೂ ಮಷೀನು. ನಿಮ್ಮದು ರಟ್ಟು ಅಷ್ಟೇ."

ಅವರ ಮುಖ ಕೆಂಪಾಯಿತು. ಆಗ ಅವರು ಆಡಿದ ಮಾತೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. "ಖರೆ ಹೇಳಬೇಕಂದ್ರ ಕನ್ನಡದಾಗ ಕಂಪ್ಯೂಟರ್ ಬರಂಗಿಲ್ಲರಿ. ಕನ್ನಡ ಮಾಧ್ಯಮದ ಹುಡುಗರು ಕೇಳತಾರಂತ ಮಾಡಿಸಿದೆ. ಕನ್ನಡ ಅಂದ್ರ ಹಿಂಗೇ ಆಗತದ."

ಕನ್ನಡ ಹೀಗೇ ಆಗುತ್ತದಂತೆ. ಕಾಲ ಮೇಲೆ ಕಲ್ಲು ಎತ್ತಿ ಹಾಕಿ ನೀನು ಹುಟ್ಟಾ ಕುಂಟ ಎಂದ ಹಾಗಾಯಿತು. ನಾನು ದನಿ ಏರಿಸಲಿಲ್ಲ. ಒಂದೇ ಕೇಳಿದೆ: "ಪರೀಕ್ಷಾಕ್ಕ ಮುದ್ರಿತ ಪುಸ್ತಕ ಯಾವುದಾದ್ರೂ ನಡೀತದೇನು, ನಿಮ್ಮದೇ ಆಗಬೇಕೇನು?"

"ಯಾವುದಾದ್ರೂ ನಡೀತದ. ಅಚ್ಚಾಗಿರಬೇಕು ಅಷ್ಟೇ."

"ಎಲ್ಲಾರೂ ಕೇಳಿದ್ರಲ್ಲ?" ಎಂದು ಹುಡುಗರ ಕಡೆ ತಿರುಗಿದೆ. ಹೌದ್ರಿ ಆಯಿ, ಎಂದು ಎರಡು ಮೂರು ದನಿ ಬಂದವು.

ಬಸವಕಲ್ಯಾಣದ ಕೋಟೆಯ ಹಾದಿಯಲ್ಲಿ ಜುಬೇರನ ಅಚ್ಚಿನ ಅಂಗಡಿ ಇದೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಲಗ್ನಪತ್ರಿಕೆ ಮಾಡುತ್ತಾನೆ. ನನ್ನ ಕಿರಿ ಮಗಳ ಲಗ್ನದ್ದೂ ಅವನೇ ಮಾಡಿದ್ದು. ಪೂನಂ ತಾನೇ ಒಂದು ಗೈಡು ಬರೆಯುತ್ತಾಳೆ, ಅದನ್ನು ಅಚ್ಚು ಹಾಕಿಕೊಡು ಎಂದೆ. ತಲೆ ತುರಿಸಿಕೊಂಡ.

"ಆಯಿ, ನಾ ಇದುವರಿಗೆ ವರ, ವಧು, ಮುಹೂರ್ತ ಇಷ್ಟೇ ಅಚ್ಚು ಹಾಕೀನಿ."

"ಇದರಾಗೂ ಮುಹೂರ್ತ ಅದ," ಎಂದೆ. "ಸೋಮವಾರ ಪರೀಕ್ಷಾ."

ಅವನು ಮೂಲೆಯ ಕಂಪ್ಯೂಟರ್ ಬಿಟ್ಟುಕೊಟ್ಟ. ಗುಲಾಮ್ ರಸೂಲ್ ಆ ದಪ್ಪ ಪುಸ್ತಕವನ್ನು ಓದಿ ವಾಪಸ್ ಕೊಡಿ ಎಂದು ಕಳಿಸಿದ್ದರು. ಪೂನಂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಕಾನೂನು ರಾತ್ರಿ ಶಾಲೆಯದೇ: ಬರೆದದ್ದನ್ನು ಓದಿ ಹೇಳಬೇಕು, ನನಗೆ ತಿಳಿಯದಿದ್ದರೆ ಅಳಿಸಬೇಕು.

ಮೊದಲು ಅಪ್ಪಣೆಯ ಶಬ್ದಗಳ ಮಾತು ಬಂತು. ನಾಗನಾಥ ಸರ್ ಗೈಡಿನಲ್ಲಿ ಪ್ರಿಂಟ್ ಎಂಬ ಅಪ್ಪಣೆ ಹುಡುಕಬೇಕಾದರೆ 'ಮ' ಅಕ್ಷರಕ್ಕೆ ಹೋಗಿ ಮುದ್ರಿಸು ಎಂದು ಹುಡುಕಬೇಕಿತ್ತು. ಮಷೀನಿಗೆ ಮುದ್ರಿಸು ಎಂದರೆ ತಿಳಿಯುವುದಿಲ್ಲ, ಪ್ರಿಂಟ್ ಎಂದರೆ ತಿಳಿಯುತ್ತದೆ.

"ಎತ್ತಿಗೆ ಯಾವ ಹೆಸರು ರೂಢಿ ಆಗೇದೋ ಅದನ್ನೇ ಕರೀಬೇಕು," ಎಂದೆ. "ಅದಕ್ಕ ಇಂಗ್ಲಿಷ್ ಹೆಸರು ಗೊತ್ತಿದ್ರ ಇಂಗ್ಲಿಷಿನ್ಯಾಗೇ ಕರಿ. ನಮಗ ತಿಳಿಯೋದು ಮಾತ್ರ ನಮ್ಮ ಮಾತಿನ್ಯಾಗ ಬರಿ."

ಹಾಗೇ ಮಾಡಿದಳು. ಎಡಕ್ಕೆ ಮಷೀನಿನ ಶಬ್ದ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಕನ್ನಡದಲ್ಲಿ ಅದು ಮಾಡುವ ಕೆಲಸ, ಬಲಕ್ಕೆ ಚಿಕ್ಕ ಉದಾಹರಣೆ. ವೇರಿಯಬಲ್ ಎಂಬುದಕ್ಕೆ ಮೊದಲು 'ಮೌಲ್ಯವನ್ನು ಸಂಗ್ರಹಿಸುವ ಸ್ಥಳ' ಎಂದು ಬರೆದಳು. ಅಳಿಸು ಎಂದೆ. 'ಹೆಸರು ಬರೆದಿಟ್ಟ ಡಬ್ಬಿ. ಒಳಗಿನದು ಬದಲಾಗಬಹುದು, ಹೆಸರು ಅದೇ' ಎಂದು ಬರೆದಳು. ಇರಲಿ ಎಂದೆ. ಸರ್ ಗೈಡಿನಲ್ಲಿ ಕುಣಿಕೆಯಾಗಿದ್ದ ಲೂಪ್ ಎಂಬುದಕ್ಕೆ ಅವಳು ಏನು ಬರೆದರೂ ನನಗೆ ತಿಳಿಯಲಿಲ್ಲ. ಕಡೆಗೆ ಜುಬೇರ ಕಾಗದ ಕತ್ತರಿಸುತ್ತಲೇ ಕೂಗಿದ, "ಸಾಲಿನ್ಯಾಗ ಒಬ್ಬೊಬ್ಬರಿಗೂ ಅದೇ ಊಟ ಬಡಸೋದು ಅಂತ ಬರಿಯವ್ವಾ. ಪಂಗತಿ ಮುಗಿಯೂ ತನಕ." ಅದು ಉಳಿಯಿತು.

ಒಂದು ಕಡೆ ಚೌಕಾಬಾರದ ಮನೆಯಂಥ ಗುರುತು ಬಂತು. ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ. ಅದೇನೆಂದು ಕೇಳಿದೆ.

"ಈ ಗುರುತು ಹಾಕಿ ಮುಂದ ಏನು ಬರದ್ರೂ ಮಷೀನ್ ಓದಂಗಿಲ್ಲ ಆಯಿ. ಮನುಷ್ಯಾರು ಓದಾಕ ಅಷ್ಟೇ."

"ಪಾಪ, ಒಂದಾದ್ರೂ ನಮ್ಮ ಸಲುವಾಗಿ ಬಿಟ್ಟಾರ."

ಪ್ರತಿ ಉದಾಹರಣೆಯನ್ನೂ ಅಲ್ಲೇ ಓಡಿಸಿ ನೋಡಿದಳು. ಓಡದ್ದನ್ನು ಸೇರಿಸಲಿಲ್ಲ. ಒಳಗೆ ಸರಿಯುವ ಸಾಲುಗಳು ಒಳಗೇ ಇರುವಂತೆ ಜುಬೇರ ಅಚ್ಚು ಹೊಂದಿಸಿದ. ಅವನ ಹತ್ತಿರ ಆಗ ಉಳಿದಿದ್ದದ್ದು ಲಗ್ನಪತ್ರಿಕೆಯ ಹಳದಿ ದಪ್ಪ ಕಾಗದ, ಅಂಚಿಗೆ ಬಂಗಾರದ ಬಳ್ಳಿ. ಮೂರು ಮಡಿಕೆಯಾಗಿ ಮಡಚಿದ. ಕಡೆಯ ಮಡಿಕೆಯ ಕೆಳಗೆ, ಆ ಚೌಕಾಬಾರದ ಗುರುತು ಹಾಕಿ, ಪೂನಂ ಒಂದು ಸಾಲು ಬರೆದಿದ್ದಳು: 'ಬರೆದವಳು ಪೂನಂ, ಕೇಳಿದವಳು ಯಶೋದಾಬಾಯಿ, ಮುಡಬಿ.' ನನ್ನ ಹೆಸರು ತೆಗೆ ಎಂದೆ. "ನೀ ಅಳಸು ಅಂದದ್ದೆಲ್ಲಾ ಅಳಸೀನಿ. ಇದೊಂದು ಅಳಸಂಗಿಲ್ಲ," ಎಂದಳು.

ಸೋಮವಾರ ನಾನೂ ಹೋದೆ. ಕೋಣೆಯ ಬಾಗಿಲ ಬಳಿ ಮೆಟ್ಟಿಲ ಮೇಲೆ ಕೂತರೆ ಒಳಗಿನದು ಕಾಣುತ್ತಿತ್ತು. ಪೂನಂ ಹಳದಿ ಮಡಿಕೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ನಾಗನಾಥ ಸರ್ ಬಂದು ಎತ್ತಿಕೊಂಡರು.

"ಇದೇನು, ಲಗ್ನಪತ್ರಿಕಿ?"

"ಪೈಥಾನ್ ಗೈಡ್ ಸರ್."

"ಯಾರದು?"

"ಅಚ್ಚಾಗೇದ್ರಿ," ಎಂದಳು ಅವಳು. ಅಕ್ಕಪಕ್ಕದ ಮಷೀನಿನವರು ತಲೆ ಎತ್ತಿ ನೋಡುತ್ತಿದ್ದರು; ಅವತ್ತು ಹೌದ್ರಿ ಆಯಿ ಎಂದವರು. ಸರ್ ಬಾಗಿಲ ಕಡೆ ನೋಡಿದರು. ನಾನು ಇದ್ದೆ. ಕಾಗದ ವಾಪಸ್ ಇಟ್ಟರು.

ಅವಳಿಗೆ ಬಂದ ಪ್ರಶ್ನೆ ಯಾವ ಗೈಡಿನಲ್ಲೂ ಇರಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿದಳು. ಆಮೇಲೆ ಮಡಿಕೆಯ ಮೇಲೆ ಬೆರಳು ಓಡಿತು, ಪಂಗತಿಯ ಸಾಲಿಗೆ ಹೋಗಿ ನಿಂತಿತು, ಅಲ್ಲಿಂದ ಡಬ್ಬಿಯ ಸಾಲಿಗೆ. ಟೈಪು ಮಾಡಿದಳು. ಮಷೀನು ಒಳಗೆ ಸರಿಸಿದ ಸಾಲನ್ನು ಈ ಸಲ ಹಿಂದಕ್ಕೆ ಎಳೆಯಲಿಲ್ಲ. ಸರ್ ಬಂದು ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಉತ್ತರ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಉತ್ತರ.

"ಪಾಸ್," ಎಂದರು.

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತೆ. ಹೋಗುವ ಹೊತ್ತಿಗೆ ಸರ್ ಮೆಟ್ಟಿಲವರೆಗೂ ಬಂದರು. ದನಿ ತಗ್ಗಿಸಿ ಪೂನಂಗೆ ಹೇಳಿದರು, "ಚಲೋ ಮಾಡೀಯವ್ವಾ. ಇದರ ಫೈಲು, ಉದಾಹರಣಿ ಎಲ್ಲಾ ನನಗ ಕಳಸು. ಹೊಸಾ ಗೈಡಿನ್ಯಾಗ ಹಾಕತೀನಿ. ಕೆಳಗಿನ ಆ ಹೆಸರಿನ ಸಾಲು ಬ್ಯಾಡ, ಚಂದ ಕಾಣಂಗಿಲ್ಲ."

ನನ್ನ ಸಿಟ್ಟು ಪೂರ್ತಿ ಆರಿರಲೇ ಇಲ್ಲ, ಮತ್ತೆ ಹೊತ್ತಿತು. ಬಾಯಿ ತೆರೆಯುವಷ್ಟರಲ್ಲಿ ಪೂನಂ ನನ್ನ ಮೊಣಕೈ ಹಿಡಿದಳು.

"ಕಳಸತೀನಿ ಸರ್," ಎಂದಳು, ಬಹಳ ಮರ್ಯಾದೆಯಿಂದ. "ಆದ್ರ ಫೈಲಿನ್ಯಾಗ ಎಲ್ಲಾ ಉದಾಹರಣಿ ಕೆಳಗೂ ಆ ಸಾಲು ಹಾಕೀನ್ರಿ. ಅದನ್ನ ತಗದ್ರ ಒಂದೂ ಓಡಂಗಿಲ್ಲ."

ಸರ್ ಹಣೆ ಗಂಟು ಹಾಕಿಕೊಂಡರು. ಸ್ವಲ್ಪ ಯೋಚಿಸಿ, "ಹಂಗಾದ್ರ ಇರಲಿ ಬಿಡು," ಎಂದರು.

ಬಸ್ಸು ರಾಜೇಶ್ವರ ದಾಟುವವರೆಗೂ ನಾನು ಅದನ್ನೇ ಯೋಚಿಸುತ್ತಿದ್ದೆ. "ಪೂನಂ," ಎಂದೆ, "ಆ ಸಾಲಿನ ಮುಂದ ಚೌಕಾಬಾರದ ಗುರುತು ಅದಲ್ಲ. ಅದನ್ನ ಮಷೀನ್ ಓದಂಗಿಲ್ಲ ಅಂದಿದ್ದಿ."

"ಓದಂಗಿಲ್ಲ ಆಯಿ."

"ತಗದ್ರೂ ಓಡತದ?"

"ಆರಾಮ ಓಡತದ."

"ಮತ್ತ ಸರ್ ಇರಲಿ ಬಿಡು ಅಂದ್ರಲ್ಲ. ಕಲಸೋರಿಗೆ ಇಷ್ಟೂ ಗೊತ್ತಿಲ್ಲೇನು?"

ಪೂನಂ ಕಿಟಕಿಗೆ ಮುಖ ಮಾಡಿ ನಗತೊಡಗಿದಳು, ಮೈ ಕುಲುಕುವಷ್ಟು. ನನಗೆ ನಗು ಬರಲಿಲ್ಲ. ಇಂಥವರ ಕೈಯಲ್ಲಿ ಇವಳು ಫೇಲಾಗಿದ್ದಳಲ್ಲ ಎಂದು ಮುಡಬಿ ಬರುವ ತನಕ ಮೈ ಉರಿಯುತ್ತಲೇ ಇತ್ತು.